ಪುನಶ್ಚೇತನ ಚಿಕಿತ್ಸೆ: ಸಂಶೋಧನೆಗೆ ಗೊತ್ತಿರುವುದು ಹಳ್ಳಿಯ ಮನೆಗೆ ಏಕೆ ತಲುಪುತ್ತಿಲ್ಲ?

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ಮೊದಲ ಕೆಲವು ದಿನಗಳ ಏರ್ಪಾಡು ಹೇಗೋ ಆಗುತ್ತದೆ. 108 ಬರುತ್ತದೆ, ಜಿಲ್ಲಾ ಕೇಂದ್ರದಲ್ಲಿ ಸ್ಕ್ಯಾನ್ ಆಗುತ್ತದೆ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಆಸ್ಪತ್ರೆ ಹೀಗೆ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಜೀವ ಉಳಿದವರಿಗೆ ಡಿಸ್ಚಾರ್ಜ್ ಚೀಟಿ ಸಿಗುತ್ತದೆ. ಮಾತ್ರೆಗಳ ಪಟ್ಟಿಯ ಕೆಳಗೆ ‘ಫಿಸಿಯೋಥೆರಪಿ ಮುಂದುವರಿಸಿ’ ಎಂಬ ಒಂದು ಸಾಲು ಇರುತ್ತದೆ. ಯಾರು ಮುಂದುವರಿಸಬೇಕು, ಎಲ್ಲಿ, ಎಷ್ಟು ತಿಂಗಳು, ಯಾರ ಖರ್ಚಿನಲ್ಲಿ ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ.

ಆ ಸಾಲಿನ ಹಿಂದೆ ದಶಕಗಳ ಸಂಶೋಧನೆ ಇದೆ. ಮಿದುಳಿನ ಒಂದು ಭಾಗ ರಕ್ತವಿಲ್ಲದೆ ಸತ್ತ ಮೇಲೂ ಉಳಿದ ಭಾಗಗಳು ಅಭ್ಯಾಸದಿಂದ ಆ ಕೆಲಸವನ್ನು ಒಂದು ಮಟ್ಟಿಗೆ ಕಲಿತುಕೊಳ್ಳುತ್ತವೆ, ಮೊದಲ ಮೂರರಿಂದ ಆರು ತಿಂಗಳು ಈ ಕಲಿಕೆಗೆ ಬಹಳ ಮುಖ್ಯ ಎಂಬುದರ ಬಗ್ಗೆ ಇಂದು ತಕರಾರಿಲ್ಲ. ಕಳೆದುಕೊಂಡ ಸಾಮರ್ಥ್ಯವನ್ನು ಹೀಗೆ ಅಭ್ಯಾಸದಿಂದ ಮರಳಿ ಗಳಿಸಿಕೊಡುವುದೇ ಪುನಶ್ಚೇತನ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಪುನಶ್ಚೇತನ 2030’ ಎಂಬ ಕರೆ ಕೊಟ್ಟಿತು. 2020ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, ಪುನಶ್ಚೇತನ ಚಿಕಿತ್ಸೆಯಿಂದ ಪ್ರಯೋಜನ ಪಡೆಯಬಹುದಾದವರು ಜಗತ್ತಿನಲ್ಲಿ 241 ಕೋಟಿ. ಆದರೆ ಬಡ ಮತ್ತು ಮಧ್ಯಮ ಆದಾಯದ ಅನೇಕ ಕಡೆ ಹತ್ತು ಲಕ್ಷ ಜನರಿಗೆ ತರಬೇತಾದ ಸಿಬ್ಬಂದಿ ಹತ್ತು ಮಂದಿಯೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2023ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಅಧಿವೇಶನ, ಪುನಶ್ಚೇತನವನ್ನು ಆರೋಗ್ಯ ವ್ಯವಸ್ಥೆಯ ಎಲ್ಲ ಹಂತಗಳಲ್ಲೂ ಸೇರಿಸಬೇಕೆಂದು ನಿರ್ಣಯ ಮಾಡಿತು.

ಇಷ್ಟೆಲ್ಲ ಗೊತ್ತಿದ್ದೂ ಸಿಂಧನೂರಿನ ಆಚೆಯ ಕ್ಯಾಂಪೊಂದರಲ್ಲಿ ಇರುವ ರೋಗಿಯ ಕೈ ಹೊಟ್ಟೆಗೆ ಅಂಟಿಕೊಂಡು ಬಿಗಿಯಾಗಿದ್ದರೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದೇ ಅರ್ಥ. ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ವಿವರಣೆ ‘ಜನರಿಗೆ ಅರಿವಿಲ್ಲ’ ಎಂಬುದು. ಅದನ್ನು ನಾನು ಒಪ್ಪುವುದಿಲ್ಲ. ಅರಿವು ಮೂಡಿಸುವ ಶಿಬಿರಗಳು, ಭಿತ್ತಿಪತ್ರಗಳು ಬೇಕಾದಷ್ಟು ಆಗಿವೆ. ನಮ್ಮಲ್ಲಿ ಇಲ್ಲದಿರುವುದು ಮನೆಗೆ ಮರಳಿದ ರೋಗಿಯನ್ನು ಮತ್ತೆ ಮತ್ತೆ ಹೋಗಿ ನೋಡುವ, ಅಭ್ಯಾಸವನ್ನು ತಿದ್ದುವ, ಅದನ್ನು ಹಂತ ಹಂತವಾಗಿ ಕಠಿಣಗೊಳಿಸುತ್ತಾ ಹೋಗುವ ಒಬ್ಬ ವ್ಯಕ್ತಿ. ಅದಿಲ್ಲದೆ ಎಂಥ ಸಂಶೋಧನೆಯೂ ಆಸ್ಪತ್ರೆಯ ಗೇಟು ದಾಟುವುದಿಲ್ಲ.

ಎಷ್ಟು ಸಲ?

ಲಕ್ವದ ನಂತರದ ಚಿಕಿತ್ಸೆಯಲ್ಲಿ ಅತಿ ಮುಖ್ಯವಾದ, ಅತಿ ಹೆಚ್ಚು ಮರೆತುಹೋಗುವ ಪ್ರಶ್ನೆ ಇದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಹೊಸ ಚಲನೆಯನ್ನು ಕಲಿತದ್ದು ದಿನಕ್ಕೆ ನೂರಾರು ಸಲ ಅದೇ ಚಲನೆ ಮಾಡಿದಾಗ. ಮನುಷ್ಯರಿಗೆ ಚಿಕಿತ್ಸಾ ಕೊಠಡಿಗಳಲ್ಲಿ ಎಷ್ಟು ಸಲ ಮಾಡಿಸಲಾಗುತ್ತಿದೆ ಎಂದು ಅಮೆರಿಕ ಮತ್ತು ಕೆನಡಾದ ಏಳು ಕಡೆ ಕುಳಿತು ಎಣಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಲೋಟ ಎತ್ತುವುದು, ಗುಂಡಿ ಹಾಕುವುದು ಮುಂತಾದ ಉಪಯುಕ್ತ ಕೆಲಸದ ಅಭ್ಯಾಸ ಒಂದು ಅವಧಿಗೆ ಸರಾಸರಿ 32 ಸಲ ನಡೆಯುತ್ತಿತ್ತು. ಕೈಯ ಚಿಕಿತ್ಸೆ ನಡೆದ ಅವಧಿಗಳಲ್ಲೇ ಅರ್ಧದಷ್ಟರಲ್ಲಿ ಮಾತ್ರ ಅಂಥ ಅಭ್ಯಾಸ ಇತ್ತು.

ಎಲ್ಲ ಸೌಲಭ್ಯ ಇರುವಲ್ಲಿಯೇ ಸಂಶೋಧನೆಗೂ ರೂಢಿಗೂ ಇಷ್ಟು ದೂರ ಇದೆ ಎಂಬುದನ್ನು ನಮ್ಮ ಫಿಸಿಯೋಥೆರಪಿಸ್ಟರನ್ನು ದೂರುವ ಮೊದಲು ನೆನಪಿಟ್ಟುಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದರೆ ಅದೇ ದೊಡ್ಡದು. ಸರದಿಯಲ್ಲಿ ಮೊಣಕಾಲು ನೋವಿನವರು, ಸೊಂಟ ಹಿಡಿದವರು, ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರು, ಎತ್ತಿಕೊಂಡು ಬಂದ ಮಕ್ಕಳು ಎಲ್ಲ ಇರುತ್ತಾರೆ. ಒಬ್ಬರಿಗೆ ಹತ್ತು ನಿಮಿಷ ಸಿಗುವುದೇ ಕಷ್ಟ. ಹತ್ತು ನಿಮಿಷದಲ್ಲಿ ಮುನ್ನೂರು ಸಲ ಯಾವುದನ್ನೂ ಮಾಡಿಸಲಾಗದು. ಹಾಗಾಗಿ ಎಣಿಕೆ ನಡೆಯಬೇಕಾದದ್ದು ಮನೆಯಲ್ಲಿಯೇ.

ಮನೆಯಲ್ಲಿ ಆಗುವುದೇನು? ನಮ್ಮ ಕಡೆ ಕಾಯಿಲೆ ಬಿದ್ದ ಹಿರಿಯರಿಗೆ ವಿಶ್ರಾಂತಿ ಕೊಡುವುದು ಪ್ರೀತಿಯ, ಮರ್ಯಾದೆಯ ಲಕ್ಷಣ. ಅತ್ತೆಗೆ ಲಕ್ವ ಹೊಡೆದರೆ ಸೊಸೆ ಅವರನ್ನು ಒಲೆಯ ಹತ್ತಿರ ಸುಳಿಯಗೊಡುವುದಿಲ್ಲ. ಊಟ ಕಲಸಿ ತುತ್ತು ಇಡುತ್ತಾರೆ, ಸೀರೆ ಉಡಿಸುತ್ತಾರೆ, ಮಂಚದ ಪಕ್ಕದಲ್ಲೇ ಎಲ್ಲವೂ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ದಶಕಗಳ ಹಿಂದೆಯೇ ತೋರಿಸಿಕೊಟ್ಟ ಅಪಾಯ ಇದೇ: ಬಳಸದೆ ಬಿಟ್ಟ ಕೈಯನ್ನು ಮಿದುಳು ಕ್ರಮೇಣ ಲೆಕ್ಕದಿಂದ ಬಿಟ್ಟುಬಿಡುತ್ತದೆ. ಸ್ವಲ್ಪ ಶಕ್ತಿ ಮರಳಿ ಬಂದ ಮೇಲೂ ಆ ಕೈ ಸುಮ್ಮನಿರುವುದನ್ನು ಕಲಿತಿರುತ್ತದೆ.

ಟಾಬ್ ಅವರ ಚಿಂತನೆಯಿಂದ ಹುಟ್ಟಿದ ಚಿಕಿತ್ಸೆಯಲ್ಲಿ ಚೆನ್ನಾಗಿರುವ ಕೈಗೆ ದಪ್ಪ ಕೈಗವಸು ತೊಡಿಸಿ ದುರ್ಬಲ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಎಕ್ಸೈಟ್ ಎಂಬ ಅಧ್ಯಯನ ಇದು ಫಲ ಕೊಡುತ್ತದೆ ಎಂದು ಸಾಬೀತು ಮಾಡಿತು. ಆ ಅಧ್ಯಯನದಲ್ಲಿ ಎರಡು ವಾರಗಳ ಕಾಲ ಎಚ್ಚರವಿರುವ ಸಮಯದ ಶೇ 90ರಷ್ಟು ಹೊತ್ತು ಕೈಗವಸು ತೊಟ್ಟಿರಬೇಕಿತ್ತು, ಜೊತೆಗೆ ದಿನಕ್ಕೆ ಹಲವು ಗಂಟೆ ಚಿಕಿತ್ಸಕರ ಎದುರು ಅಭ್ಯಾಸ.

ಇದನ್ನು ಹಾಗೆಯೇ ತಂದು ಲಿಂಗಸುಗೂರಿನ ಒಂದು ಮನೆಯಲ್ಲಿ ಇಟ್ಟು ನೋಡಿ. ಚಿಕಿತ್ಸಕರ ಸಮಯದ ಪ್ರಶ್ನೆಯನ್ನು ಬದಿಗಿಟ್ಟರೂ, ಎಡಗೈಗೆ ಲಕ್ವ ಹೊಡೆದವರ ಬಲಗೈ ಕಟ್ಟಿದರೆ ಅವರು ಎಡಗೈಯಿಂದ ಊಟ ಮಾಡಬೇಕಾಗುತ್ತದೆ. ಅಷ್ಟು ವಯಸ್ಸಾದವರು, ಅದೂ ನಾಲ್ಕು ಜನರ ಮುಂದೆ, ಎಡಗೈಯಿಂದ ರೊಟ್ಟಿ ಮುರಿಯಲು ಒಪ್ಪುವುದಿಲ್ಲ. ಬಲಗೈಗೆ ಹೊಡೆದವರ ಎಡಗೈ ಕಟ್ಟಿದರೆ ಬಹಿರ್ದೆಸೆಗೆ ಹೋದಾಗ ಏನು ಮಾಡಬೇಕು? ಹೀಗಾದಾಗ ‘ರೋಗಿ ಸಹಕರಿಸಲಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಆ ರೋಗಿಯ ಆಕ್ಷೇಪದಲ್ಲಿ ಚಿಕಿತ್ಸೆಗೆ ಬೇಕಾದ ಮಾಹಿತಿಯೇ ಇದೆ. ಊಟ, ಶೌಚ ಬಿಟ್ಟು ಬೇರೆ ಕೆಲಸ ಹುಡುಕಿ ಎಂದು ಅವರು ಹೇಳುತ್ತಿದ್ದಾರೆ. ಕಡಿಮೆ ಗಂಟೆಗಳ ಕಟ್ಟುಪಾಡನ್ನು ಹೆಚ್ಚು ವಾರಗಳಿಗೆ ಹರಡುವ ರೂಪಗಳನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. ಮನೆಗೆಲಸಕ್ಕೆ ಹೊಂದುವುದು ಅಂಥವೇ.

ಬೇರೆ ಕೆಲಸಗಳಿಗೆ ಈ ಭಾಗದ ಮನೆಗಳಲ್ಲಿ ಕೊರತೆ ಇಲ್ಲ. ಜೋಳದ ರೊಟ್ಟಿ ಮಾಡುವುದನ್ನೇ ತೆಗೆದುಕೊಳ್ಳಿ. ಬಿಸಿನೀರು ಹಾಕಿದ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ನಾದಬೇಕು. ಮೊಣಕೈ ಚಾಚಬೇಕು, ಭುಜ ಮುಂದೆ ಬರಬೇಕು. ಲಕ್ವದ ನಂತರ ಬಿಗಿದುಕೊಳ್ಳುವ ಕೈಗೆ ಮಾಡಿಸಬೇಕಾದ ಚಲನೆಯೂ ಇದೇ. ಆಮೇಲೆ ಉಂಡೆ ಕಟ್ಟಲು ಬೆರಳುಗಳು ಬಟ್ಟಲಿನಂತೆ ಬಾಗಬೇಕು. ಬಡಿಯುವಾಗ ಒಂದು ಕೈ ತಟ್ಟುತ್ತದೆ, ಇನ್ನೊಂದು ಅಂಚನ್ನು ಸವರುತ್ತಾ ತಿರುಗಿಸುತ್ತದೆ. ಎರಡು ಕೈಗಳ ಹೊಂದಾಣಿಕೆ, ಬೆರಳು ಬಿಡಿಸುವುದು, ಸಮತೋಲದಿಂದ ಕುಳಿತುಕೊಳ್ಳುವುದು ಎಲ್ಲವೂ ಅದರಲ್ಲಿವೆ. ಒಂದು ರೊಟ್ಟಿಗೆ ಹಲವಾರು ತಟ್ಟು. ನಾಲ್ಕು ರೊಟ್ಟಿಗೆ ಚಿಕಿತ್ಸಾ ಕೊಠಡಿಯ 32ನ್ನು ಎಷ್ಟೋ ಹಿಂದೆ ಹಾಕಿರುತ್ತಾರೆ. ರೊಟ್ಟಿ ದುಂಡಗೆ ಬರಬೇಕಿಲ್ಲ, ಹರಿದರೂ ಪರವಾಗಿಲ್ಲ. ಬಿಸಿ ಹಂಚಿನ ಹತ್ತಿರ ಮಾತ್ರ ಬೇರೆಯವರು ಇರಬೇಕು, ಏಕೆಂದರೆ ಲಕ್ವದ ಕೈಗೆ ಸುಟ್ಟದ್ದು ತಿಳಿಯದೇ ಹೋಗಬಹುದು. ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವುದು, ಶೇಂಗಾ ಸುಲಿಯುವುದು, ಒಣಮೆಣಸಿನಕಾಯಿಯ ತೊಟ್ಟು ಮುರಿಯುವುದು, ಎಲ್ಲವೂ ಬೆರಳಿನ ಅಭ್ಯಾಸಗಳೇ. ಗಂಡಸರಿಗೆ ಹಗ್ಗ ಹೊಸೆಯುವ, ಹತ್ತಿ ಬಿಡಿಸುವ ಕೆಲಸಗಳಿವೆ. ಪ್ಲಾಸ್ಟಿಕ್ ಕೋನುಗಳನ್ನು ಜೋಡಿಸುವ ವ್ಯಾಯಾಮ ಮೂರನೆಯ ದಿನಕ್ಕೆ ಬೇಸರವಾಗುತ್ತದೆ. ಮನೆಗೆ ಉಪಯೋಗವಾಗುವ ಕೆಲಸ ಹಾಗಲ್ಲ. ಅದನ್ನು ಮಾಡಿದವರ ಮುಖದಲ್ಲಿ ‘ನಾನಿನ್ನೂ ಬೇಕಾದವಳು’ ಎಂಬ ಭಾವ ಕಾಣುತ್ತದೆ.

ಅರ್ಥವಿರುವ ಕೆಲಸವನ್ನೇ ಅಭ್ಯಾಸವಾಗಿಸಬೇಕು ಎಂಬುದು ಕೇವಲ ಲಕ್ವಕ್ಕೆ ಸೀಮಿತವಲ್ಲ. ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಚಲನೆ ಕಷ್ಟವಾಗುವ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಚಿಕಿತ್ಸೆಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದ ಆಸ್ಟ್ರೇಲಿಯದ ಅಯೋನಾ ನೋವಾಕ್ ಅವರ ತಂಡ 2013ರಲ್ಲೂ ಮತ್ತೆ 2020ರಲ್ಲೂ ಇದೇ ಮಾತು ಹೇಳಿತು: ಮಗು ತಾನೇ ಗುರಿಯಿಟ್ಟು ಮಾಡುವ ಅಭ್ಯಾಸ, ಪೋಷಕರಿಗೆ ಕಲಿಸಿದ ಮನೆಯ ಕಾರ್ಯಕ್ರಮ ಫಲ ಕೊಡುತ್ತವೆ, ಬೇರೆಯವರು ಮಗುವಿನ ಕೈಕಾಲನ್ನು ಸುಮ್ಮನೆ ಆಡಿಸುವುದರಿಂದ ಹೆಚ್ಚೇನೂ ಸಿಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಿಸುವುದಕ್ಕೆಂದೇ ತಿಂಗಳುಗಟ್ಟಲೆ ಊರೂರು ತಿರುಗುವ ತಾಯಂದಿರಿಗೆ ಇದನ್ನು ಯಾರಾದರೂ ಕುಳಿತು ವಿವರಿಸಬೇಕು.

‘ಕರೆಂಟ್’ ಕೊಡುವ ಅಂಗಡಿ

ಜಿಲ್ಲಾ ಕೇಂದ್ರಗಳ ಖಾಸಗಿ ಕ್ಲಿನಿಕ್‌ಗಳಿಗೆ ಬರುವವರು ಕೇಳುವ ಮೊದಲ ಪ್ರಶ್ನೆ ‘ಕರೆಂಟ್ ಕೊಡುತ್ತೀರಾ?’ ಸೊಂಟ ನೋವಿಗೆ ಅಲ್ಟ್ರಾಸೌಂಡ್, ನರ ಚುರುಗುಟ್ಟಿಸುವ ಯಂತ್ರ, ಎಳೆತದ ಮಂಚ, ಕೊನೆಗೊಂದು ಬೆಲ್ಟು. ಚಿಕಿತ್ಸೆಗಳ ಬಗ್ಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಸೊಂಟ ನೋವಿಗೆ ಇವುಗಳಲ್ಲಿ ಒಂದನ್ನೂ ಕೊಡಬೇಡಿ ಎನ್ನುತ್ತದೆ. ವ್ಯಾಯಾಮ ಮಾಡಿಸಿ, ಓಡಾಡಿಕೊಂಡಿರಲು ಹೇಳಿ ಎನ್ನುತ್ತದೆ. 2018ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಸೊಂಟ ನೋವಿನ ಲೇಖನಮಾಲೆಯೂ ಇದನ್ನೇ ಹೇಳಿತು. ಹಾಸಿಗೆ ಹಿಡಿದು ಮಲಗುವುದರಿಂದ ಕೆಡುಕೇ ಹೆಚ್ಚು ಎಂದೂ ಸೇರಿಸಿತು.

ಹಾಗಾದರೆ ಯಂತ್ರಗಳು ಏಕೆ ಉಳಿದಿವೆ? ಹಣ ಪಾವತಿಯ ಕ್ರಮವನ್ನು ನೋಡಿದರೆ ಉತ್ತರ ಸಿಗುತ್ತದೆ. ಮಾನ್ವಿಯಿಂದ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬಂದವರು ಕೊಟ್ಟ ಹಣಕ್ಕೆ ಕಣ್ಣಿಗೆ ಕಾಣುವ, ಚರ್ಮಕ್ಕೆ ತಾಗುವ ಏನಾದರೂ ಬಯಸುತ್ತಾರೆ. ಇಪ್ಪತ್ತು ನಿಮಿಷ ಕೂರಿಸಿಕೊಂಡು ನಿಧಾನವಾಗಿ ಮಾತನಾಡಿ, ಹೇಗೆ ಬಗ್ಗಬೇಕು, ನೋವಿದ್ದರೂ ಎಷ್ಟು ನಡೆಯಬೇಕು ಎಂದು ಕಲಿಸಿ ಕಳುಹಿಸಿದ ಫಿಸಿಯೋಥೆರಪಿಸ್ಟ್ ‘ಏನೂ ಮಾಡಲಿಲ್ಲ’ ಎನಿಸಿಕೊಳ್ಳುತ್ತಾರೆ. ಸಾಲ ಮಾಡಿ ಯಂತ್ರ ತಂದವರಿಗೆ ಕಂತು ಕಟ್ಟುವ ಚಿಂತೆಯೂ ಇರುತ್ತದೆ. ಇದರಲ್ಲಿ ಯಾರನ್ನೂ ಕೆಟ್ಟವರೆಂದು ನಾನು ಹೇಳಲಾರೆ. ಕಲಿಸುವ ಕೆಲಸಕ್ಕೆ ಬೆಲೆ ಕೊಡದ ವ್ಯವಸ್ಥೆಯಲ್ಲಿ ಯಂತ್ರಕ್ಕೇ ಬೆಲೆ ಬರುವುದು ಸಹಜ.

ಕೆಲವು ರೂಢಿಗಳು ಬರೀ ನಿರುಪಯುಕ್ತವಲ್ಲ, ಹಾನಿಯನ್ನೂ ಮಾಡುತ್ತವೆ. ತಲೆಯ ಮೇಲೆ ರಾಟೆ ಕಟ್ಟಿ, ಚೆನ್ನಾಗಿರುವ ಕೈಯಿಂದ ಹಗ್ಗ ಎಳೆದು ಲಕ್ವದ ಕೈಯನ್ನು ಮೇಲೆತ್ತಿಸುವ ಅಭ್ಯಾಸ ಇಂದಿಗೂ ಚಾಲ್ತಿಯಲ್ಲಿದೆ. ಮನೆಯ ತೊಲೆಗೂ ರಾಟೆ ಕಟ್ಟಿಸಿಕೊಳ್ಳುವವರಿದ್ದಾರೆ. ಬಲವಿಲ್ಲದ ಭುಜದ ಕೀಲನ್ನು ಹೀಗೆ ಎಳೆದರೆ ನೋವು ಹುಟ್ಟಿಕೊಳ್ಳುತ್ತದೆ. ಅಮೆರಿಕದ 2016ರ ಲಕ್ವ ಪುನಶ್ಚೇತನ ಮಾರ್ಗಸೂಚಿ ಇದನ್ನು ಮಾಡಿಸಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಎಬ್ಬಿಸುವಾಗ ರೋಗಿಯ ದುರ್ಬಲ ತೋಳನ್ನು ಹಿಡಿದು ಎಳೆಯುವುದೂ ಅಷ್ಟೇ ಅಪಾಯ. ಸೊಂಟದ ಹತ್ತಿರ ಹಿಡಿದು ಎಬ್ಬಿಸಿ ಎಂಬ ಒಂದು ಮಾತನ್ನು ಆಸ್ಪತ್ರೆಯಿಂದ ಹೊರಡುವ ದಿನ ಮನೆಯವರಿಗೆ ಮಾಡಿ ತೋರಿಸಿದರೆ ಎಷ್ಟೋ ಭುಜಗಳು ಉಳಿಯುತ್ತವೆ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಒಳ್ಳೆಯ ಉದ್ದೇಶವೂ ಸಂಶೋಧನೆಯ ಮುಂದೆ ತಲೆಬಾಗಬೇಕಾಗುತ್ತದೆ ಎಂಬುದಕ್ಕೆ ಅವರ್ಟ್ ಅಧ್ಯಯನ ಸಾಕ್ಷಿ. ಲಕ್ವ ಹೊಡೆದ 24 ಗಂಟೆಯೊಳಗೆ ರೋಗಿಯನ್ನು ಎಬ್ಬಿಸಿ ಹೆಚ್ಚು ಹೆಚ್ಚು ಓಡಾಡಿಸಿದರೆ ಬೇಗ ಗುಣವಾಗುತ್ತಾರೆ ಎಂದು ಅನೇಕರು ನಂಬಿದ್ದರು. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹಾಗೆ ತೀವ್ರವಾಗಿ ಎಬ್ಬಿಸಿದವರ ಸ್ಥಿತಿಯೇ ಹಿಂದೆ ಬಿತ್ತು. ವೈದ್ಯಕೀಯ ಸಂಶೋಧನೆಯ ಒಂದು ಅಂಶ ರೂಢಿಗೆ ಬರಲು ಸರಾಸರಿ 17 ವರ್ಷ ಬೇಕೆಂಬ 2000ದ ಅಂದಾಜೊಂದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅಷ್ಟು ಹೊತ್ತಿಗೆ ತಿಳಿವಳಿಕೆಯೇ ಬದಲಾಗಿರಬಹುದು. ಆದ್ದರಿಂದ ಒಮ್ಮೆ ತರಬೇತಿ ಕೊಟ್ಟು ಮುಗಿಸುವ ವಿಷಯ ಇದಲ್ಲ.

ಮನೆಯವರ ಮೇಲೆ ಹೊರಿಸಿದರೆ ಸಾಕೇ?

ಸಿಬ್ಬಂದಿ ಇಲ್ಲ, ಹಾಗಾಗಿ ಮನೆಯವರಿಗೇ ಕಲಿಸಿಬಿಡೋಣ ಎಂಬ ಸಲಹೆ ಕೇಳಲು ಬಹಳ ಚೆಂದ. ಭಾರತದಲ್ಲೇ ಇದನ್ನು ಪ್ರಾಮಾಣಿಕವಾಗಿ ಪರೀಕ್ಷಿಸಲಾಯಿತು. ದೇಶದ 14 ಆಸ್ಪತ್ರೆಗಳ 1,250 ಲಕ್ವ ರೋಗಿಗಳನ್ನು ಒಳಗೊಂಡ ಅಟೆಂಡ್ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನಲ್ಲಿ ಆಸ್ಪತ್ರೆಯಲ್ಲಿರುವಾಗಲೇ ಕುಟುಂಬದ ಒಬ್ಬರಿಗೆ ಅಭ್ಯಾಸ ಮಾಡಿಸುವ ತರಬೇತಿ ಕೊಟ್ಟು, ಮನೆಗೆ ಹೋದ ಮೇಲೆ ಎರಡು ತಿಂಗಳವರೆಗೆ ಮುಂದುವರಿಸಲಾಯಿತು. ಆರು ತಿಂಗಳ ನಂತರ ನೋಡಿದಾಗ ಮೃತಪಟ್ಟವರು ಅಥವಾ ಇನ್ನೊಬ್ಬರ ಮೇಲೆ ಅವಲಂಬಿತರಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇ 47. ವ್ಯತ್ಯಾಸವೇ ಇಲ್ಲ. ಗ್ರಾಮೀಣ ಚೀನಾದಲ್ಲಿ ಆರೈಕೆದಾರರಿಗೆ ತರಬೇತಿ ಕೊಟ್ಟು 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಲಾಭ ತೋರಿಸಲಿಲ್ಲ.

ಈ ಫಲಿತಾಂಶ ಬಂದಾಗ ಕೆಲವರು ನಿರಾಶರಾದರು. ನನಗೆ ಇದು ಇಡೀ ವಿಷಯದ ಕೀಲಿಕೈ ಎನಿಸುತ್ತದೆ. ಮನೆಯವರಲ್ಲಿ ಪ್ರೀತಿಯ ಕೊರತೆ ಇರಲಿಲ್ಲ. ಅವರಿಗೆ ಇಲ್ಲದ್ದು ಸಮಯ, ಮತ್ತು ಯಾವಾಗ ಅಭ್ಯಾಸವನ್ನು ಕಠಿಣಗೊಳಿಸಬೇಕು ಎಂದು ಹೇಳುವ ಕಣ್ಣು. ಈ ಜಿಲ್ಲೆಗಳಲ್ಲಿ ಆರೈಕೆ ಮಾಡುವವರು ಹೆಚ್ಚಾಗಿ ಹೆಂಗಸರು. ಭತ್ತದ ನಾಟಿಗೋ ಹತ್ತಿ ಬಿಡಿಸಲೋ ಹೋಗಿ ಬಂದು ಒಲೆ ಹಚ್ಚುವವರು. ದೇವದುರ್ಗ, ಮಸ್ಕಿ, ಲಿಂಗಸುಗೂರಿನ ಕಡೆ ಬೇಸಿಗೆಯಲ್ಲಿ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ತರಬೇತಿ ಪಡೆದ ಮಗ ಕಟ್ಟಡದ ಕೆಲಸಕ್ಕೆ ಹೋದರೆ ಮನೆಯಲ್ಲಿ ರೋಗಿಯೂ ಇನ್ನೊಬ್ಬ ಮುದುಕರೂ ಉಳಿಯುತ್ತಾರೆ. ಕುಟುಂಬವನ್ನು ಪುಕ್ಕಟೆ ಸಿಬ್ಬಂದಿ ಎಂದು ಭಾವಿಸಿದ ಯಾವ ಯೋಜನೆಯೂ ಈ ಎರೆಭೂಮಿಯಲ್ಲಿ ನಿಲ್ಲದು.

ಅಟೆಂಡ್ ಸಂಶೋಧಕರು ತಮ್ಮ ವರದಿಯ ಕೊನೆಗೆ ಮುಂದಿನ ದಾರಿಯನ್ನೂ ಸೂಚಿಸಿದರು: ಹೊರೆಯನ್ನು ಕುಟುಂಬಕ್ಕೆ ವರ್ಗಾಯಿಸುವ ಬದಲು ಆರೋಗ್ಯ ಸಹಾಯಕರಿಗೆ, ಸಮುದಾಯದಲ್ಲಿ ತಂಡವಾಗಿ ದುಡಿಯುವವರಿಗೆ ವಹಿಸಿದರೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಬೇಕು. ಇದಕ್ಕೆ ಒತ್ತಾಸೆಯಾಗುವ ಇನ್ನೊಂದು ಅಧ್ಯಯನ ಅಮೆರಿಕದ್ದು. ದೇಹದ ಭಾರವನ್ನು ಪಟ್ಟಿಯಲ್ಲಿ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸುವ ದುಬಾರಿ ಚಿಕಿತ್ಸೆಯನ್ನು, ಫಿಸಿಯೋಥೆರಪಿಸ್ಟ್ ಮನೆಗೇ ಬಂದು ಹಂತ ಹಂತವಾಗಿ ಮಾಡಿಸುವ ವ್ಯಾಯಾಮದ ಜೊತೆ 408 ರೋಗಿಗಳಲ್ಲಿ ಹೋಲಿಸಿದರು. 2011ರಲ್ಲಿ ಬಂದ ಫಲಿತಾಂಶದಲ್ಲಿ ಟ್ರೆಡ್‌ಮಿಲ್ ಮೇಲುಗೈ ಸಾಧಿಸಲಿಲ್ಲ. ಮನೆಗೆ ಬಂದು ನೋಡುವ ತಿಳಿದವರೊಬ್ಬರು ಯಂತ್ರಕ್ಕೆ ಸಮ. ಎರಡೂ ಅಧ್ಯಯನಗಳನ್ನು ಜೊತೆಗಿಟ್ಟರೆ ತರಬೇತಾದ ಕಣ್ಣು ಪದೇ ಪದೇ ಮನೆಗೆ ಬರುವುದೇ ಮುಖ್ಯ ಎಂಬ ಊಹೆಗೆ ಬಲ ಬರುತ್ತದೆ.

ನಮ್ಮಲ್ಲಿ ಈಗಾಗಲೇ ಇರುವವರು

ಕರ್ನಾಟಕದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವ ವ್ಯವಸ್ಥೆ ಇದೆ. ಜನ ಇವರನ್ನು ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ಬಹುಪಾಲು ತಾವೇ ಅಂಗವೈಕಲ್ಯ ಇರುವವರು, ಗೌರವಧನದ ಮೇಲೆ ದುಡಿಯುವವರು. ಸೇವಾ ಭದ್ರತೆಗಾಗಿ ಹಲವು ಸಲ ಧರಣಿ ಕೂತವರು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಂಗವೈಕಲ್ಯ ಇರುವವರು 13.24 ಲಕ್ಷ. ಅಂಗವೈಕಲ್ಯದ ಬಗೆಗಳನ್ನು 21ಕ್ಕೆ ಏರಿಸಿದ 2016ರ ಕಾಯ್ದೆ ಬಂದ ಮೇಲೆ ಇವರ ಕೆಲಸ ಇನ್ನಷ್ಟು ಹೆಚ್ಚಿದೆ.

ಇವರ ದಿನದ ಬಹುಪಾಲು ಕಳೆಯುವುದು ಕಾಗದಪತ್ರದಲ್ಲಿ: ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ, ಮಾಸಾಶನದ ದಾಖಲೆ, ವೈದ್ಯರ ಪ್ರಮಾಣಪತ್ರಕ್ಕೆ ಜನರನ್ನು ಕರೆದೊಯ್ಯುವುದು. ಇದೂ ಬೇಕಾದ ಕೆಲಸವೇ. ಆದರೆ ಹುದ್ದೆಯ ಹೆಸರಿನಲ್ಲೇ ಪುನರ್ವಸತಿ ಇರುವವರಿಗೆ, ಲಕ್ವದ ಭುಜವನ್ನು ಹೇಗೆ ಹಿಡಿಯಬೇಕು, ಬೆನ್ನುಹುರಿ ಪೆಟ್ಟಾದವರ ಬೆನ್ನಿನಲ್ಲಿ ಕೆಂಪು ಕಲೆ ಕಂಡರೆ ಏನು ಮಾಡಬೇಕು ಎಂಬ ಕೈಕೆಲಸವನ್ನು ಗಂಭೀರವಾಗಿ ಕಲಿಸದಿರುವುದು ದೊಡ್ಡ ನಷ್ಟ. ಊರಿನ ಪ್ರತಿ ಮನೆ ಗೊತ್ತಿರುವ, ಬಾಗಿಲು ಬಡಿದರೆ ಒಳಗೆ ಕರೆದು ಚಹಾ ಕೊಡುವಷ್ಟು ಸಲುಗೆ ಇರುವ ಕಾರ್ಯಕರ್ತರನ್ನು ಯಾವ ವಿಶ್ವವಿದ್ಯಾಲಯವೂ ಹೊಸದಾಗಿ ಸೃಷ್ಟಿಸಲಾರದು. ಇವರ ಜೊತೆ ಆಶಾ ಕಾರ್ಯಕರ್ತೆಯರಿದ್ದಾರೆ, ಆಯುಷ್ಮಾನ್ ಆರೋಗ್ಯ ಮಂದಿರಗಳ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಮೇಲಿನಿಂದ ಫಿಸಿಯೋಥೆರಪಿಸ್ಟ್ ಒಬ್ಬರು ತಿಂಗಳಿಗೊಮ್ಮೆ ಬಂದು, ನಡುವೆ ವಿಡಿಯೋ ಕರೆಯಲ್ಲಿ ನೋಡಿ ತಿದ್ದಿದರೆ ತಂಡ ಪೂರ್ಣವಾಗುತ್ತದೆ. ದೂರದಿಂದ ವಿಡಿಯೋ ಮೂಲಕ ಕೈಯ ಅಭ್ಯಾಸ ಮಾಡಿಸಿದರೂ ಕ್ಲಿನಿಕ್‌ನಲ್ಲಿ ಮಾಡಿಸಿದಷ್ಟೇ ಫಲ ಸಿಗಬಹುದು ಎಂದು 124 ರೋಗಿಗಳ ಒಂದು ಅಧ್ಯಯನ 2019ರಲ್ಲಿ ತೋರಿಸಿದೆ.

ಹಣದ ವಿಷಯದಲ್ಲಿ ಒಂದು ಗಂಟು ಇದೆ. ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ ಆಸ್ಪತ್ರೆ ದಾಖಲಾತಿಯ ಸುತ್ತ ಕಟ್ಟಿದ್ದು; ಬಿಡುಗಡೆಯ ನಂತರದ 15 ದಿನಗಳವರೆಗೆ ಮಾತ್ರ ಅದರ ನೆರಳು. ಲಕ್ವದ ಚೇತರಿಕೆ ನಡೆಯುವುದು ಆಮೇಲಿನ ತಿಂಗಳುಗಳಲ್ಲಿ. ಲಿಂಗಸುಗೂರಿನಿಂದ ರಾಯಚೂರಿಗೆ ಸುಮಾರು 90 ಕಿಲೋಮೀಟರ್. 2023ರ ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಬರುವ ಹೆಂಡತಿಗೆ ಟಿಕೆಟ್ ಬೇಡ, ಅದು ನಿಜವಾದ ಅನುಕೂಲ. ಆದರೆ ಒಂದು ಕಾಲು ಎಳೆಯುವ ಗಂಡನಿಗೆ ಬಸ್ಸಿನ ಮೊದಲ ಮೆಟ್ಟಿಲೇ ಬೆಟ್ಟ. ವಾರಕ್ಕೆ ಮೂರು ದಿನ ಹೋಗಿ ಬನ್ನಿ ಎನ್ನುವುದು ಪಾಲಿಸಲಾಗದ ಸಲಹೆ.

ಸಂಶೋಧನೆಯೂ ಇತ್ತ ಬರಬೇಕು

ಇಷ್ಟು ಹೊತ್ತು ರೂಢಿ ಸಂಶೋಧನೆಯಿಂದ ಏನು ಕಲಿಯಬೇಕು ಎಂದು ಹೇಳಿದೆ. ಅಷ್ಟೇ ಮುಖ್ಯವಾದ ಇನ್ನೊಂದು ಮುಖವಿದೆ. ರೋಗಿ ಎಷ್ಟು ಸ್ವತಂತ್ರರಾಗಿದ್ದಾರೆ ಎಂದು ಅಳೆಯಲು ಜಗತ್ತಿನೆಲ್ಲೆಡೆ ಬಳಸುವ ಬಾರ್ಥೆಲ್ ಸೂಚ್ಯಂಕ 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಊಟ, ಸ್ನಾನ, ಉಡುಪು, ಮೆಟ್ಟಿಲು ಸೇರಿ ಅದರಲ್ಲಿ ಹತ್ತು ಅಂಶಗಳಿವೆ. ನೆಲದ ಮೇಲೆ ಕುಳಿತು ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು ಅದರಲ್ಲಿ ಇಲ್ಲ. ಕೊಪ್ಪಳದ ಹಳ್ಳಿಯ ಹೆಣ್ಣುಮಗಳಿಗೆ ಇವೆರಡೂ ಆಗದಿದ್ದರೆ ಶೌಚವಿಲ್ಲ, ಅಡುಗೆಯಿಲ್ಲ, ನಾಲ್ಕು ಜನರ ಪಂಕ್ತಿಯಲ್ಲಿ ಊಟವಿಲ್ಲ. ಸೂಚ್ಯಂಕದಲ್ಲಿ ಅವರಿಗೆ ಒಳ್ಳೆಯ ಅಂಕ ಬಂದಿರುತ್ತದೆ. ಮನೆಯಲ್ಲಿ ಅವರು ಮೂಲೆಗೆ ಬಿದ್ದಿರುತ್ತಾರೆ. ಅಳತೆಗೋಲು ಹಿಡಿಯದೇ ಬಿಟ್ಟದ್ದನ್ನು ಚಿಕಿತ್ಸೆಯೂ ಬಿಟ್ಟುಬಿಡುತ್ತದೆ.

ಗಾಲಿಕುರ್ಚಿಯ ಕಥೆಯೂ ಹೀಗೆಯೇ. ಸೌಕರ್ಯ ಕಡಿಮೆ ಇರುವ ಪ್ರದೇಶಗಳಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ ಮಾರ್ಗಸೂಚಿ, ವ್ಯಕ್ತಿಯ ಅಳತೆ, ಅವರು ಇರುವ ಜಾಗ, ಕೂರಿಸಿ ಸರಿಪಡಿಸುವುದು, ಓಡಿಸಲು ಕಲಿಸುವುದು, ಮತ್ತೆ ಬಂದು ನೋಡುವುದು ಹೀಗೆ ಎಂಟು ಹಂತಗಳನ್ನು ಹೇಳುತ್ತದೆ. ವಿತರಣಾ ಸಮಾರಂಭಗಳಲ್ಲಿ ಉಳಿಯುವುದು ಒಂದೇ ಹಂತ, ಹಾರ ಹಾಕಿ ಹಸ್ತಾಂತರಿಸುವುದು. ಸಣ್ಣ ಮುಂಗಾಲಿಯ ಆ ಕುರ್ಚಿ ಆಸ್ಪತ್ರೆಯ ನುಣುಪಾದ ನೆಲಕ್ಕೆ ಮಾಡಿದ್ದು. ಮಳೆ ಬಿದ್ದ ಎರೆಮಣ್ಣಿನಲ್ಲಿ ಅದು ಗಜ ದೂರವೂ ಹೋಗದು. ಮಣ್ಣು ಗಾಲಿಗೆ ಸುತ್ತಿಕೊಂಡು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ದಿಂಬಿಲ್ಲದೆ ಅದರಲ್ಲಿ ಗಂಟೆಗಟ್ಟಲೆ ಕೂತ, ಸ್ಪರ್ಶವಿಲ್ಲದ ದೇಹಕ್ಕೆ ಹುಣ್ಣಾಗುತ್ತದೆ. ಕಟ್ಟಡದಿಂದಲೋ ಮರದಿಂದಲೋ ಬಿದ್ದು ಬೆನ್ನುಹುರಿ ಮುರಿದುಕೊಂಡ ಯುವಕರಿಗೆ ಆ ಹುಣ್ಣೇ ಪ್ರಾಣಾಂತಿಕವಾಗಬಹುದು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಫಿಸಿಯೋಥೆರಪಿ ಸ್ನಾತಕೋತ್ತರ ಪದವಿ ಪಡೆಯುವವರೆಲ್ಲ ಒಂದು ಪ್ರಬಂಧ ಬರೆಯಬೇಕು. ಆ ಪ್ರಬಂಧದ ಪ್ರಶ್ನೆಗಳು ಈ ನೆಲದಿಂದ ಬರಲಿ. ಎರೆಮಣ್ಣಿಗೆ ಯಾವ ಗಾಲಿ ಸರಿ? ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಹಿರಿಯರಿಗೆ ಅಭ್ಯಾಸದ ವೇಳೆ ಯಾವುದು? ನೆಲದಿಂದ ಏಳುವುದನ್ನು ಅಳೆಯುವ ಸರಳ ಪರೀಕ್ಷೆಯನ್ನು ವಿಆರ್‌ಡಬ್ಲ್ಯೂ ಒಬ್ಬರು ಮಾಡಬಲ್ಲರೇ? ಪ್ರಶ್ನೆ ಆರಿಸುವಾಗ ರೋಗಿಗಳನ್ನೂ ಕಾರ್ಯಕರ್ತರನ್ನೂ ಕೂರಿಸಿಕೊಂಡರೆ ಉತ್ತರ ಬಂದ ದಿನವೇ ಅದನ್ನು ಬಳಸುವವರು ಸಿದ್ಧರಿರುತ್ತಾರೆ.

ದೊಡ್ಡ ಪ್ರಶ್ನೆ ಅಟೆಂಡ್ ಬಿಟ್ಟುಹೋದದ್ದು, ಅಂದರೆ ಹೊರೆಯನ್ನು ತರಬೇತಾದ ಕಾರ್ಯಕರ್ತರಿಗೆ ವಹಿಸಿದರೆ ಏನಾಗುತ್ತದೆ ಎಂಬುದು. ಅದಕ್ಕೆ ಉತ್ತರ ಹುಡುಕಲು ಬೇಕಾದುದೆಲ್ಲ ಇಲ್ಲಿದೆ. ಒಂದು ತಾಲ್ಲೂಕನ್ನು ಆರಿಸಿಕೊಳ್ಳಬಹುದು. ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದದ್ದೆಂದು ಗುರುತಿಸಿದ ದೇವದುರ್ಗದಿಂದಲೇ ಶುರು ಮಾಡಬಹುದು. ಅರ್ಧ ಪಂಚಾಯಿತಿಗಳಲ್ಲಿ ತರಬೇತಾದ ವಿಆರ್‌ಡಬ್ಲ್ಯೂ ವಾರಕ್ಕೊಮ್ಮೆ ರೋಗಿಯ ಮನೆಗೆ ಹೋಗಲಿ, ಪ್ರತಿ ಭೇಟಿಗೆ ಪ್ರತ್ಯೇಕ ಗೌರವಧನ ಇರಲಿ, ತಿಂಗಳಿಗೊಮ್ಮೆ ಫಿಸಿಯೋಥೆರಪಿಸ್ಟ್ ಜೊತೆಗೂಡಲಿ. ಉಳಿದರ್ಧದಲ್ಲಿ ಈಗಿನಂತೆಯೇ ನಡೆಯಲಿ, ಫಲ ಕಂಡರೆ ಅಲ್ಲಿಗೂ ವಿಸ್ತರಿಸುವ ಮಾತು ಕೊಟ್ಟು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಒಂದು ತಾಲ್ಲೂಕಿನ ಈ ಪರೀಕ್ಷೆಗೆ ಬೇಕಾಗುವುದು ಅದರ ಎಳ್ಳಷ್ಟು ಭಾಗ. ಶೌಚಾಲಯದ ಹಿಡಿಕೆ, ಎತ್ತರದ ಕಮೋಡು, ಹೊಸ್ತಿಲಿನ ಇಳಿಜಾರುಗಳಿಗೆ ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ತೆಗೆದಿಡುವ ಶೇ 5ರ ಅನುದಾನವಿದೆ. ಆರು ತಿಂಗಳ ನಂತರ ಅಳೆಯಬೇಕಾದದ್ದು ಸಹಾಯವಿಲ್ಲದೆ ನೆಲದಿಂದ ಎದ್ದವರೆಷ್ಟು, ಬಸ್ಸಿನ ಮೆಟ್ಟಿಲು ಹತ್ತಿದವರೆಷ್ಟು, ಹೊಲಕ್ಕೋ ಒಲೆಗೋ ಮರಳಿದವರೆಷ್ಟು, ಭುಜದ ನೋವು ಯಾರಿಗೆ ಬರಲಿಲ್ಲ ಎಂಬುದನ್ನು. ವ್ಯತ್ಯಾಸ ಕಾಣದಿದ್ದರೆ ಅಟೆಂಡ್ ತಂಡದವರಂತೆ ಅದನ್ನೂ ಹಾಗೆಯೇ ಪ್ರಕಟಿಸಿ, ಎಲ್ಲಿ ತಪ್ಪಿತೆಂದು ಆ ಕಾರ್ಯಕರ್ತರನ್ನೇ ಕೇಳಬೇಕು.